ಕೂತು ಕೇಳುವ ಬೇಸ್

ಚನ್ನಪಟ್ಟಣದ ನಮ್ಮ ಆಂಪ್ಲಿಫೈಯರ್ ರಿಪೇರಿಯವನು ಕಿವಿಯನ್ನು ನಂಬುತ್ತಿರಲಿಲ್ಲ. ನನ್ನ ಬೇಸ್ ಗಿಟಾರಿಗೆ ಸ್ಪೀಕರ್ ಬಾಕ್ಸ್ ಆರಿಸಲು ಹೋದರೆ, ಅಂಗಡಿಯ ಒಂದೊಂದು ಬಾಕ್ಸಿನ ಮೇಲೂ ನನ್ನನ್ನು ಕೂರಿಸಿ ತಾನೇ ತಂತಿ ಮೀಟಿದ.

"ಬೇಸು ಕಿವಿಗಲ್ಲ ಕಣ್ಲಾ, ಕುಂಡಿಗೆ!" ಯಾರೇ ಬಂದರೂ ಅದೇ ಮಾತು.

ಕುದೂರಿನ ಮದುವೆ ಆರ್ಕೆಸ್ಟ್ರಾದಲ್ಲಿ ಹಾಡಿನ ನಡುವೆ ನನ್ನ ಬೇಸ್ ನಿಂತೇಹೋಯಿತು. ಮುಂದೆ ಕೂತ ಜನ ಶಿಳ್ಳೆ ಹೊಡೆಯತೊಡಗಿದರು. ಸೌಂಡ್ ನೋಡಿಕೊಳ್ಳಲು ನಮ್ಮ ಜೊತೆ ಬಂದಿದ್ದ ರಿಪೇರಿಯವನು ಲುಂಗಿ ಎತ್ತಿಕಟ್ಟಿ ಸ್ಟೇಜ್ ಹತ್ತಿ, ಬಾಕ್ಸಿನ ಮೇಲೆ ಕೂತು ಕಣ್ಣು ಮುಚ್ಚಿದ.

"ಬತ್ತಾ ಐತೆ ಕಣ್ಲಾ! ಚೆನ್ನಾಗೇ ಬತ್ತಾ ಐತೆ, ನುಡ್ಸು."

"ಅಣ್ಣಾ, ಆಂಪ್ಲಿಫೈಯರ್ ಸುಟ್ಟೋಗೈತೆ. ಅದು ಸ್ಟೇಜ್ ಹಿಂದಿನ ಜನರೇಟ್ರು ಅದುರ್ತಿರೋದು!"

ಅವನು ಏಳಲಿಲ್ಲ. ಇನ್ನೊಂದು ಗಳಿಗೆ ಸುಖವಾಗಿ ಅದುರಿಸಿಕೊಂಡು ಹೇಳಿದ:

"ಹಂಗಾದ್ರೆ ಅದನ್ನೇ ಆರ್ಕೆಸ್ಟ್ರಾಗೆ ಸೇರಿಸ್ಕೊಳ್ರಲಾ. ನಿನಗಿಂತ ತಾಳದಲ್ಲೈತೆ."