ಶಾಹೀದನ ಸಪ್ಪಳವಿಲ್ಲದ ಫ್ಯಾನು
ಶಾಹೀದನ ಬಗ್ಗೆ ಹೇಳಲೇಬೇಕು, ಏಕೆಂದರೆ ಇನ್ನೂ ಇಲ್ಲದ ಕಂಪ್ಯೂಟರಿನ ಮಾತಾಡಿ ಇಷ್ಟು ಜನರ ತಲೆ ತಿಂದವನು ಮುಂಬಯಿಯ ಮುಲುಂಡಿನಲ್ಲಿ ಇನ್ನೊಬ್ಬನಿಲ್ಲ. ಗೇಮ್ ಆಡುವ ಕಂಪ್ಯೂಟರನ್ನು ತಾನೇ ಜೋಡಿಸಬೇಕೆಂದು ದುಡ್ಡು ಕೂಡಿಸಲು ರಿಕ್ಷಾ ಹತ್ತುವುದು ಬಿಟ್ಟ, ವಡಾಪಾವ್ ತಿನ್ನುವುದು ಬಿಟ್ಟ. ಗೆಳೆಯ ಶಿವಪುತ್ರ ಕುಡಿಸುವ ಚಹಾ ಮಾತ್ರ ಬಿಡಲಿಲ್ಲ. ಭಾನುವಾರ ಬಂತೆಂದರೆ ಅವನನ್ನೂ ಅಂಗಡಿಗೆ ಎಳೆದೊಯ್ದು, ಕಂಪ್ಯೂಟರಿನೊಳಗೆ ಹಾಕುವ ಫ್ಯಾನುಗಳನ್ನು ಓಡಿಸಿ, ಕಿವಿಯಿಟ್ಟು ಕೇಳಿ, ಯಾವುದನ್ನೂ ಕೊಳ್ಳದೆ ಬರುತ್ತಾನೆ. "ಲೇ, ಫ್ಯಾನ್ ತಗೊಳ್ಳಾಕ ಬಂದೀಯೋ, ನಾಡಿ ನೋಡಾಕ ಬಂದೀಯೋ?" ಎಂದು ಶಿವಪುತ್ರ ಒಮ್ಮೆ ರೇಗಿಬಿಟ್ಟ. "ಸಪ್ಪಳ ಆಗಬಾರದಪಾ," ಎಂದ ಶಾಹೀದ. "ನಮ್ದು ಒಂದ ಖೋಲಿ. ಅಮ್ಮೀ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗ್ತಾಳ." ಶಿವಪುತ್ರ ಪಕ್ಕದ ಫ್ಯಾನಿಗೆ ತಾನೂ ಕಿವಿಯಿಟ್ಟ. ಆ ಕಡೆ ಹೋದರೆ ಶಾಹೀದನನ್ನು ಭೇಟಿಯಾಗಿ ಬನ್ನಿ. ಹಗಲು ಹೋದರೆ ಬಾಗಿಲು ಬಡಿಯಬೇಡಿ, ಮೆಲ್ಲಗೆ ಕರೆಯಿರಿ.