ಅಣ್ಣನ ಕಾಗದದಲ್ಲಿ ಬೆಳೆದವನು

ದಮನ್‌ಹೂರಿನ ನೀರು ಸರಬರಾಜು ಕಚೇರಿಯಲ್ಲಿ ಮೀಟರು ಓದುವ ಮಹ್ರೂಸನಿಗೆ ಯಾರಾದರೂ ವಯಸ್ಸೆಷ್ಟು ಎಂದರೆ, ಅವನು ಮೊದಲು ಕೇಳಿದವರ ಮುಖ ನೋಡುತ್ತಿದ್ದ. ನೆಂಟರಾದರೆ ಇಪ್ಪತ್ತೆಂಟು. ಸರ್ಕಾರದವರಾದರೆ ಮೂವತ್ತು ವರ್ಷ ಐದು ತಿಂಗಳು. ಎರಡೂ ಸುಳ್ಳಲ್ಲ. ನಡುವಿನ ಆ ಎರಡು ವರ್ಷ ಐದು ತಿಂಗಳು ಅವನದಲ್ಲ, ಅವನ ಅಣ್ಣನದು.

ಅಣ್ಣನ ಹೆಸರೂ ಮಹ್ರೂಸ್. ಹದಿನಾಲ್ಕು ತಿಂಗಳ ಕೂಸಾಗಿದ್ದಾಗ ಜ್ವರ ಬಂದು ತೀರಿಕೊಂಡ. ಹಳ್ಳಿಯವರು ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿ ಬಂದರು. ಸಾವನ್ನು ಕಚೇರಿಯಲ್ಲಿ ಬರೆಸಲಿಲ್ಲ. ಮುಂದೆ ಇನ್ನೊಂದು ಗಂಡು ಹುಟ್ಟಿದಾಗ ಅಪ್ಪ ಅಬ್ದೆಲ್ ಗವಾದ್ ತಗಡಿನ ಡಬ್ಬಿಯಿಂದ ಹಳೆಯ ಜನನಪತ್ರ ತೆಗೆದು, "ಕಾಗದ ಇದೆ, ಹೆಸರಿದೆ, ನಂಬರಿದೆ. ಇನ್ನೊಂದು ಯಾಕೆ?" ಎಂದನಂತೆ. ಆ ಸುತ್ತಿನಲ್ಲಿ ಹೀಗೆ ಮಾಡಿದವನು ಅವನೊಬ್ಬನೇ ಅಲ್ಲ. ಹೋದ ಮಗುವಿನ ಅಂಗಿಯನ್ನು ಬಂದ ಮಗುವಿಗೆ ತೊಡಿಸಿದ ಹಾಗೆ ಕಾಗದವನ್ನೂ ತೊಡಿಸುತ್ತಿದ್ದರು. ಅಂಗಿಯಾದರೆ ಮಗು ಬೆಳೆದಂತೆ ಮೈಗೆ ಹೊಂದುತ್ತದೆ. ಈ ಕಾಗದ ಮಾತ್ರ ಮಹ್ರೂಸನಿಗೆ ಎಂದೂ ದೊಗಳೆಯೇ.

ನಾಲ್ಕು ತುಂಬುವ ಮೊದಲೇ ಅವನು ಒಂದನೇ ತರಗತಿಯಲ್ಲಿ ಕೂತು ಮೂಗು ಸುರಿಸುತ್ತಿದ್ದ. ಮೀಸೆ ಮೂಡುವ ಮೊದಲೇ ಸೇನೆಯವರು ಕರೆದೊಯ್ದು ಎರಡು ವರ್ಷ ಮರಳಿನಲ್ಲಿ ಓಡಿಸಿದರು. ತಾನು ದಡ್ಡನಾಗಿದ್ದಕ್ಕೆ ಕಾಗದವೇ ಕಾರಣ ಎಂದು ಬಹುಕಾಲ ನಂಬಿದ್ದ. ತಮ್ಮನೊಬ್ಬ ಸರಿಯಾದ ವಯಸ್ಸಿಗೇ ಶಾಲೆ ಸೇರಿ, ಅಷ್ಟೇ ದಡ್ಡನಾಗಿ ಹೊರಬಂದ ಮೇಲೆ ಆ ಸಮಾಧಾನವೂ ಹೋಯಿತು.

ಏಳು ವರ್ಷದಿಂದ ಅವನದು ದಿನಗೂಲಿ. ಬೆಳಗಾದರೆ ಜನರ ಮೆಟ್ಟಿಲು ಹತ್ತುವುದು, ಅಡುಗೆಮನೆಯ ತೊಟ್ಟಿಯ ಕೆಳಗೆ ತಲೆ ತೂರಿಸುವುದು, ಅಂಕಿ ಬರೆದುಕೊಳ್ಳುವುದು, ಬೈಸಿಕೊಂಡು ಇಳಿಯುವುದು. ಹೋದ ಚಳಿಗಾಲದಲ್ಲಿ ಒಂದು ಮಹಡಿಯಿಂದ ಜಾರಿ, ಪಾದ ಊದಿಕೊಂಡು ಹತ್ತು ದಿನ ಮಲಗಿದ. ಹತ್ತು ದಿನವೂ ಕೂಲಿಯಿಲ್ಲ, ಅವನು ಕಚೇರಿಯ ಪಾಲಿಗೆ ಹುಟ್ಟಿಯೇ ಇರಲಿಲ್ಲ. ಹಾಗಿರುವಾಗ ಹನ್ನೆರಡು ಕಾಯಂ ಹುದ್ದೆಗಳ ಪ್ರಕಟಣೆ ಗೋಡೆಗೆ ಬಿತ್ತು. ಡಿಪ್ಲೊಮಾ ಇರಬೇಕು, ಸೇನೆ ಮುಗಿಸಿರಬೇಕು, ಅರ್ಜಿಯ ಕೊನೆಯ ದಿನಕ್ಕೆ ಮೂವತ್ತು ದಾಟಿರಬಾರದು. ಇಂಥ ಪ್ರಕಟಣೆ ಮತ್ತೆ ಯಾವಾಗ ಬೀಳುತ್ತದೋ. ಬೀಳುವ ಹೊತ್ತಿಗೆ ಅವನ ಎರಡೂ ವಯಸ್ಸು ಮೂವತ್ತು ದಾಟಿರುತ್ತವೆ.

ಮೀಟರು ವಿಭಾಗದ ಮೇಲ್ವಿಚಾರಕ ಹಾಜ್ ಬಸ್ಯೂನಿ ಅವನನ್ನು ಕರೆದು ನಿಟ್ಟುಸಿರು ಬಿಟ್ಟ. "ನಿನ್ನ ಹೆಸರು ಮೊದ್ಲು ಹಾಕ್ಬೇಕು ಅಂತಿದ್ದೆ ಕಣೋ. ಐದು ತಿಂಗ್ಳು ಜಾಸ್ತಿ ಆಗ್ಬಿಟ್ಟಿದ್ಯಲ್ಲ!"

"ಅದು ನಂದಲ್ಲ ಹಾಜ್, ನಮ್ಮಣ್ಣಂದು."

"ಹಂಗಾದ್ರೆ ಅವನಿಗೇ ವಾಪಸ್ ಕೊಟ್ಟು ಬಾ. ಗುರುವಾರ ಕೊನೇ ದಿನ."

ಭಾನುವಾರ ಬೆಳಿಗ್ಗೆ ಮಹ್ರೂಸ್ ನಾಗರಿಕ ನೋಂದಣಿ ಕಚೇರಿಯ ನಾಲ್ಕನೇ ಕಿಟಕಿಯ ಸಾಲಿನಲ್ಲಿ ನಿಂತ. ಎರಡು ಗಂಟೆಯ ಮೇಲೆ ಕಿಟಕಿ ಸಿಕ್ಕಿತು. ಒಳಗೆ ಮದಾಮ್ ಇನ್ಸಾಫ್ ಎಂಬಾಕೆ ಒಂದು ಕೈಯಲ್ಲಿ ಬೇಯಿಸಿದ ಕಾಳು ತುಂಬಿದ ರೊಟ್ಟಿ ಸುರುಳಿ ಹಿಡಿದು, ಇನ್ನೊಂದರಲ್ಲಿ ಕೀಲಿಮಣೆ ಒತ್ತುತ್ತಿದ್ದಳು.

"ಹುಟ್ಟಿದ ತಾರೀಖು ತಿದ್ದಿಸ್ಬೇಕು ಮದಾಮ್."

ಅವಳು ಅವನ ಗುರುತಿನ ಚೀಟಿ ನೋಡಿ ನಂಬರು ಒತ್ತಿದಳು. "ಎಲ್ಲಾ ಸರಿಯಾಗೇ ಇದ್ಯಲ್ಲ. ಮಹ್ರೂಸ್ ಅಬ್ದೆಲ್ ಗವಾದ್. ಹುಟ್ಟಿದಾನೆ, ಸತ್ತಿಲ್ಲ."

"ಸತ್ತಿದಾನೆ ಮದಾಮ್. ಅವನು ಸತ್ತ ಮೇಲೆ ಹುಟ್ಟಿದೋನು ನಾನು. ಹೆಸರೂ ಕಾಗದವೂ ಅವನದೇ ನನಗೆ ಹಾಕಿದ್ರು."

ಮದಾಮ್ ಇನ್ಸಾಫ್ ಅಗಿಯುವುದನ್ನು ನಿಲ್ಲಿಸಿದಳು. ಅಚ್ಚರಿಯಿಂದಲ್ಲ, ಇಂಥವರು ಅವಳಿಗೆ ವಾರಕ್ಕೊಬ್ಬರು. "ಅಂದ್ರೆ ಇದು ನಿಮ್ಮಣ್ಣಂದು. ನಿಮ್ದೆಲ್ಲಿ?"

"ನಂದು... ಇಲ್ಲ."

"ಇಲ್ಲದ್ದನ್ನ ತಿದ್ದೋದು ಹೆಂಗೆ ಉಸ್ತಾಜ್?"

ಸಾಲಿನ ಹಿಂದಿನಿಂದ ಒಬ್ಬ ಕೂಗಿದ: "ಇಲ್ಲ ಅಂದ್ಮೇಲೆ ಪಕ್ಕಕ್ಕೆ ಸರಿಯಪ್ಪಾ, ಇರೋರು ಕಾಯ್ತಾ ಇದೀವಿ!"

ಅವಳು ಬೇಸರವಿಲ್ಲದೆ, ಕರುಣೆಯೂ ಇಲ್ಲದೆ ದಾರಿ ಹೇಳಿದಳು. ಮೊದಲು ಅಣ್ಣನ ಸಾವು ಬರೆಸಬೇಕು. ಆಗ ಈ ನಂಬರು ಮುಚ್ಚುತ್ತದೆ. ಮಹ್ರೂಸ್ ಹುಟ್ಟು ಬರೆಸದೆ ಉಳಿದವನಾಗುತ್ತಾನೆ. ಆಮೇಲೆ ಆರೋಗ್ಯ ಕಚೇರಿಯ ವೈದ್ಯರು ಅವನ ಹಲ್ಲು ನೋಡಿ ವಯಸ್ಸು ಕಟ್ಟುತ್ತಾರೆ, ಅದರ ಮೇಲೆ ಹೊಸ ಜನನಪತ್ರ. ಫಾರಂ ಹೊರಗಿನ ಗೂಡಂಗಡಿಯಲ್ಲಿ ಸಿಗುತ್ತದೆ. ಅವನು ಓಡಿಹೋಗಿ ಫಾರಂ ತಂದಾಗ ಕಿಟಕಿಯ ಮುಂದೆ ಸಾಲೇ ಇರಲಿಲ್ಲ. ಅವನಿಗೆ ಖುಷಿಯಾಯಿತು.

"ಸಿಸ್ಟಂ ಬಿದ್ದಿದೆ," ಎಂದಳು ಮದಾಮ್ ಇನ್ಸಾಫ್. "ನಾಳೆ."

ಸೋಮವಾರವೂ ಅದು ಏಳಲಿಲ್ಲ. ಬಂದ ಕಾಲಿಗೆ ಮುಂದಿನ ಕೆಲಸವನ್ನಾದರೂ ವಿಚಾರಿಸೋಣ ಎಂದು ಅವನು ಆರೋಗ್ಯ ಕಚೇರಿಗೆ ನಡೆದ. ಅಲ್ಲಿನ ವೈದ್ಯ ಅವನ ವಯಸ್ಸಿನವನೇ, ಅಂದರೆ ಎರಡರಲ್ಲಿ ಯಾವುದೋ ಒಂದು ವಯಸ್ಸಿನವನು. ಬಾಯಿ ತೆಗೆಸಿ ಬ್ಯಾಟರಿ ಬಿಟ್ಟು ನೋಡಿದ.

"ಮೂವತ್ನಾಲ್ಕು."

"ಇಪ್ಪತ್ತೆಂಟು ಡಾಕ್ಟ್ರೇ!"

"ಹಲ್ಲು ಹೇಳ್ತಿರೋದು, ನಾನಲ್ಲ. ಟೀಗೆ ಎಷ್ಟು ಚಮಚ ಸಕ್ಕರೆ ಹಾಕ್ತೀರಿ?"

"ನಾಲ್ಕು."

"ಅದೇ ಮತ್ತೆ. ಚಮಚಕ್ಕೆ ಒಂದೂವರೆ ವರ್ಷ." ವೈದ್ಯ ಬ್ಯಾಟರಿ ಆರಿಸಿದ. "ನಿಮ್ಮ ತಾಯಿ ಬಂದು ಹೇಳಿದ್ರೆ ಅವರ ಮಾತೇ ಬರೀತೀನಿ ಬಿಡಿ. ಹೆತ್ತೋಳಿಗಿಂತ ಹಲ್ಲಿಗೆ ಜಾಸ್ತಿ ಗೊತ್ತಾ? ಆದ್ರೆ ಮೊದ್ಲು ಅಣ್ಣನ ಸಾವಿನ ಕಾಗದ ತನ್ನಿ."

ಹಾಗೆ ಎಲ್ಲವೂ ತಾಯಿಯ ಬಳಿ ಬಂದು ನಿಂತಿತು. ಮಹ್ರೂಸ್ ಹೆದರಿದ್ದೂ ಅಲ್ಲಿಗೇ. ಸತ್ತ ಕೂಸಿನ ಮಾತು ಮನೆಯಲ್ಲಿ ಬರುತ್ತಿದ್ದುದು ನಗೆಮಾತಾಗಿ ಮಾತ್ರ: ನಮ್ಮಪ್ಪ ಎಂಥ ಸೋಮಾರಿ, ಕಚೇರಿಗೆ ಎರಡು ಸಲ ಹೋಗಬೇಕಾಗುತ್ತದೆಂದು ಎರಡು ಮಕ್ಕಳನ್ನು ಒಂದೇ ಕಾಗದದಲ್ಲಿ ಮುಗಿಸಿದ, ಎಂದು. ಅಪ್ಪ ಹೋಗಿ ಆರು ವರ್ಷವಾದರೂ ಆ ನಗೆಮಾತು ಉಳಿದಿತ್ತು. ಅಮ್ಮ ಆಗೆಲ್ಲ ನಗುತ್ತಿದ್ದಳೋ ಇಲ್ಲವೋ, ಅವನು ಗಮನಿಸಿರಲಿಲ್ಲ.

ಸಂಜೆ ಅಮ್ಮ ರತೀಬಾ ನೆಲದ ಮೇಲೆ ಕೂತು, ಅಕ್ಕಿ ತುಂಬುವುದಕ್ಕೆ ಬದನೆಕಾಯಿಯ ತಿರುಳು ಕೊರೆಯುತ್ತಿದ್ದಳು. ಅವನು ಸುತ್ತಿ ಬಳಸಿ, ಕಾಯಂ ಕೆಲಸದಿಂದ ಹಿಡಿದು ಹಲ್ಲಿನವರೆಗೆ ಎಲ್ಲ ಹೇಳಿ, ಕೊನೆಗೆ, "ಅವನ ಸಾವು ಬರೆಸ್ಬೇಕಂತಮ್ಮಾ," ಎಂದ. ಅವಳ ಕೈ ನಿಲ್ಲಲಿಲ್ಲ.

"ಯಾವಾಗ ಹೋಗೋದು?"

"ನಿಂಗೇನೂ ಅನ್ಸಲ್ವಾ?"

"ಅನ್ಸೋದೇನು? ಇಪ್ಪತ್ತೊಂಬತ್ತು ವರ್ಷದಿಂದ ಆ ಕೂಸು ಸತ್ತೂ ಸಾಯ್ದೆ ನಿಂತಿದೆ. ನೀನು ಶಾಲೆಗೆ ಹೋದೆ, ಅದರ ಹೆಸರು ಕೂಗಿದ್ರು. ಸೇನೆಗೆ ಹೋದೆ, ಅದನ್ನೇ ಕೂಗಿದ್ರು. ನಾನು ಯಾರ ಹತ್ರ ಹೇಳ್ಲಿ, ಅವನಲ್ಲ ಇವನು ಅಂತ?" ಅವಳು ಒಂದು ಬದನೆಕಾಯಿ ಮುಗಿಸಿ ಇನ್ನೊಂದು ತೆಗೆದುಕೊಂಡಳು. "ನಿಮ್ಮಪ್ಪನ್ನ ಸೋಮಾರಿ ಅಂತೀರಲ್ಲ, ಅವರು ಹೋಗಿದ್ರು. ಎರಡು ಸಲ ಹೋಗಿದ್ರು. ಕಚೇರಿ ಮೆಟ್ಟಿಲ ಮೇಲೆ ಕೂತು ಎದ್ದು ಬಂದ್ರು. ಆ ಮಾತು ಬಾಯಿಗೆ ಬರ್ಲಿಲ್ಲ. ಆಮೇಲೆ ನೀನು ಹುಟ್ದೆ. ಸದ್ಯ, ಇನ್ನು ಹೋಗ್ಬೇಕಾಗಿಲ್ಲ ಅಂತ ಅವರಿಗೆ ಉಸಿರು ಬಂತು."

ಮಹ್ರೂಸನಿಗೆ ಹೇಳಲು ಇದ್ದುದೆಲ್ಲ ಅಪ್ಪನ ಬಗ್ಗೆ ಈವರೆಗೆ ಆಡಿದ್ದ ತಮಾಷೆ.

ಮಂಗಳವಾರ ಅವನೊಬ್ಬನೇ ಹೋಗಿ ವಿಚಾರಿಸಿದ. ಸಿಸ್ಟಂ ಮಲಗಿಯೇ ಇತ್ತು. ಬುಧವಾರ ಎದ್ದಿತು. ರತೀಬಾ ಕರಿಯ ನಿಲುವಂಗಿ ತೊಟ್ಟು, ಓದು ಬಾರದ ಅವಳ ಸಹಿಯಾದ ಹಿತ್ತಾಳೆಯ ಮುದ್ರೆಯನ್ನು ಕರವಸ್ತ್ರದಲ್ಲಿ ಮೂರು ಗಂಟು ಹಾಕಿ ಕಟ್ಟಿಕೊಂಡು ಬಂದಳು. ಮಹ್ರೂಸ್ ಕಿಟಕಿಯ ಕಟ್ಟೆಯ ಮೇಲೆ ಫಾರಂ ತುಂಬಿದ. ಮೃತನ ಹೆಸರು: ತನ್ನದು. ಮೃತನ ಗುರುತಿನ ನಂಬರು: ತನ್ನದು. ಬಾಯಿಪಾಠವಿದ್ದ ಆ ಹದಿನಾಲ್ಕು ಅಂಕಿಗಳಲ್ಲಿ ಎರಡನ್ನು ಹಿಂದುಮುಂದಾಗಿ ಬರೆದು ತಿದ್ದಿದ. ಸಾವು ತಿಳಿಸುವವರು ಎಂಬಲ್ಲೂ ತನ್ನದನ್ನೇ ಬರೆದ.

"ಸತ್ತೋರೇ ಬಂದು ತಮ್ಮ ಸಾವು ಬರೆಸೋ ಹಂಗಿಲ್ಲ ಉಸ್ತಾಜ್," ಎಂದು ಮದಾಮ್ ಇನ್ಸಾಫ್ ಅದನ್ನು ಹೊಡೆದುಹಾಕಿದಳು. "ಕಂಪ್ಯೂಟರ್ ಒಪ್ಪಲ್ಲ. ತಾಯಿ ಹೆಸರು ಬರೀರಿ. ಹಾಜಾ, ಇಲ್ಲಿ ಒತ್ತಿ."

ರತೀಬಾ ಗಂಟು ಬಿಚ್ಚಿ ಮುದ್ರೆ ತೆಗೆದು ನೇರಳೆ ಶಾಯಿಯ ಮೇಲೆ ಒತ್ತಿದಳು. ಆ ಹೊತ್ತಿಗೆ ಮಹ್ರೂಸನಿಗೆ, ಎಲ್ಲ ಮುಗಿಯಿತೆಂಬ ಉಲ್ಲಾಸದಲ್ಲಿ, ಒಂದು ಬುದ್ಧಿವಂತಿಕೆಯ ಪ್ರಶ್ನೆ ಹೊಳೆಯಿತು. ಜೀವನದಲ್ಲಿ ಅವನಿಗೆ ಸಕಾಲಕ್ಕೆ ಹೊಳೆದ ಪ್ರಶ್ನೆ ಅದೊಂದೇ.

"ಹೊಸ ನಂಬರು ಬಂದ್ಮೇಲೆ ನನ್ನ ಡಿಪ್ಲೊಮಾದಲ್ಲಿ ಅದನ್ನ ಬದಲಾಯಿಸೋದು ಯಾವ ಕಚೇರೀಲಿ ಮದಾಮ್?"

"ನಿಮ್ಮ ಡಿಪ್ಲೊಮಾ ಯಾವ್ದು? ಅದು ಸತ್ತೋರದ್ದು."

"ಮತ್ತೆ... ಸೇನೆ ಮುಗಿಸಿದ ಪತ್ರ?"

"ಅದೂ ಅವರದೇ. ನೀವು ಸೇನೆಗೆ ಹೋಗೇ ಇಲ್ವಲ್ಲ. ಇಪ್ಪತ್ತೆಂಟಾಗಿ ಇನ್ನೂ ಹೋಗಿಲ್ಲ ಅಂದ್ರೆ ತಪ್ಪಿಸ್ಕೊಂಡೋರು ಅಂತ ಹಿಡೀತಾರೆ. ಕೋರ್ಟಿಗೆ ಹೋಗಿ ಬಿಡಿಸ್ಕೋಬೇಕು. ಮೂರು ವರ್ಷ, ನಾಲ್ಕು ವರ್ಷ."

"ಇದನ್ನ ಭಾನುವಾರವೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ಹುಟ್ಟಿದ ತಾರೀಖು. ಸೇನೆ ವಿಷಯ ಮೂರನೇ ಕಿಟಕಿ."

ತಾಯಿಯ ಕೈ ಫಾರಮ್ಮಿನ ಕಡೆ ಇಳಿಯುತ್ತಿತ್ತು. ಮಹ್ರೂಸ್ ಅವಳ ಮಣಿಕಟ್ಟು ಹಿಡಿದುಕೊಂಡ. ನಾಳೆಯ ಅರ್ಜಿಗೆ ಬೇಕಾದ ವಯಸ್ಸೊಂದು ಸಿಗುತ್ತಿತ್ತು. ಅದರ ಜೊತೆ ಅಂಟಿಸಬೇಕಾದ ಉಳಿದೆಲ್ಲವೂ ಗೋರಿಗೆ ಹೋಗುತ್ತಿತ್ತು.

"ಬೇಡಮ್ಮಾ."

"ಕೈ ಬಿಡು."

"ಒತ್ಬೇಡ. ನಾನು ಏನೂ ಇಲ್ದೋನಾಗ್ತೀನಿ."

ರತೀಬಾ ಅವನನ್ನೇ ನೋಡಿದಳು. ಅವಳು ಗದರುವಾಗ ದನಿ ಏರುತ್ತಿತ್ತು, ಈಗ ಏರಲಿಲ್ಲ. "ನಿನ್ನ ಕೆಲ್ಸಕ್ಕೆ ಬೇಕು ಅಂದಾಗ ನನ್ನ ಮಗ ಸತ್ತ. ಈಗ ಬೇಡ ಅಂದ್ರೆ ಮತ್ತೆ ಬದುಕ್ಬೇಕಾ?"

ಮದಾಮ್ ಇನ್ಸಾಫ್, "ಹಾಜಾ, ಶಾಯಿ ಒಣಗತ್ತೆ," ಎಂದಳು, ಅವಳ ಮಟ್ಟಿಗೆ ಮೆಲ್ಲಗೆ.

ಮಹ್ರೂಸ್ ಕೈ ಬಿಟ್ಟ. ಬಿಡದೆ ಬೇರೆ ದಾರಿ ಅವನಿಗೆ ಕಾಣಲಿಲ್ಲ. ಮುದ್ರೆ ಕಾಗದದ ಮೇಲೆ ಬೆರಳಗಲ ದೂರದಲ್ಲಿ ನಿಂತಿತು. ಆಮೇಲೆ ರತೀಬಾ ಅದನ್ನು ಹಿಂದಕ್ಕೆ ತೆಗೆದು ತನ್ನ ತೋಳಿನ ಬಟ್ಟೆಗೆ ಒರೆಸಿಕೊಂಡಳು. ಕಿಟಕಿಯೊಳಕ್ಕೆ ಬಾಗಿ ಕೇಳಿದಳು: "ಮಗಳೇ, ಆ ಕೂಸು ಹೋಯ್ತು ಅಂತ ಒಂದು ಬರೀ ಕಾಗದದ ಮೇಲೆ ಬರೆದು ಕೊಡೋಕಾಗಲ್ವಾ? ನಾನು ಯಾರಿಗೂ ತೋರ್ಸಲ್ಲ."

"ಯಾರಿಗೂ ತೋರಿಸದ ಕಾಗದ ನಮ್ಮಲ್ಲಿಲ್ಲ ಹಾಜಾ."

ಮನೆಗೆ ಹೋಗುವ ಮೈಕ್ರೋಬಸ್ಸಿನಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಮಹ್ರೂಸನಿಗೆ ಸಿಟ್ಟು ಬಂದಿತ್ತು. ಕಿಟಕಿಯವಳ ಮೇಲೆ ತಿರುಗಿಸಲು ನೋಡಿದ, ಅಲ್ಲಿ ನಿಲ್ಲಲಿಲ್ಲ. ಅಪ್ಪನ ಮೇಲೆ ಹಾಕೋಣವೆಂದರೆ ಮೊನ್ನೆಯಿಂದ ಅದೂ ಆಗುತ್ತಿರಲಿಲ್ಲ. ಕೊನೆಗೆ ಮುಂದಿನ ಸೀಟಿನವನ ಮೊಣಕೈಯ ಮೇಲೆ ಸಿಟ್ಟಾಗಿ ಕೂತ. ಅರ್ಧ ದಾರಿಯಾದ ಮೇಲೆ ಅಮ್ಮ ಮಾತಾಡಿದಳು.

"ಇನ್ಮೇಲೆ ಆ ಹೆಸರಿಂದ ನಿನ್ನ ಕರಿಯಲ್ಲ. ಅದು ಅವನದು. ಸರ್ಕಾರದವರು ಏನಾದ್ರೂ ಕರ್ಕೊಳ್ಲಿ."

"ಮತ್ತೆ ನೀನು ಏನಂತ ಕರೀತೀಯ?"

"ನೀನು ಹೊಟ್ಟೇಲಿದ್ದಾಗ ಒಂದು ಹೆಸರು ನೆನೆಸ್ಕೊಂಡಿದ್ದೆ. ನಿಮ್ಮಪ್ಪ ಡಬ್ಬಿ ತೆಗೆದ್ರು, ನಾನು ಸುಮ್ನಾದೆ."

ಮಹ್ರೂಸ್ ಅವಳ ಕಡೆ ತಿರುಗಿ ಕೂತ. ಇಪ್ಪತ್ತೆಂಟು ವರ್ಷ ಇನ್ನೊಬ್ಬರ ಹೆಸರಿಗೆ ಓಗೊಟ್ಟವನಿಗೆ ತನ್ನದೇ ಒಂದು ಹೆಸರು ಕಾದು ಕೂತಿದೆ! ಕಮಲ್ ಇರಬಹುದೇ? ಶರೀಫ್? "ಏನಮ್ಮಾ ಅದು?"

"ಖೇಶಾ."

"ಗೋಣಿನಾ?"

"ಗೋಣಿನೇ. ಒಂದು ಕಳ್ಕೊಂಡೋಳು ಇನ್ನೊಂದಕ್ಕೆ ಚಂದದ ಹೆಸರು ಇಡ್ತಾಳಾ? ಗೋಣಿ ಅಂದ್ರೆ ಯಾರ ಕಣ್ಣೂ ಬೀಳಲ್ಲ. ಸಾವು ಬಂದ್ರೂ ಇದೇನೋ ಹರಕು ಅಂತ ದಾಟಿ ಹೋಗತ್ತೆ."

"ಅಮ್ಮಾ, ನೀರಿನ ಕಚೇರೀಲಿ ಕೆಲ್ಸ ಮಾಡ್ತೀನಿ ನಾನು. ಜನರ ಮನೆ ಬಾಗ್ಲು ತಟ್ತೀನಿ."

"ಗೋಣಿ ಬಂದಿದೆ ಅನ್ನು. ಬಾಗ್ಲು ತೆಗೀತಾರೆ."

ಮೊಣಕೈಯವನು ತಡೆಯಲಾರದೆ ಹಿಂದಕ್ಕೆ ತಿರುಗಿದ. "ಒಳ್ಳೇ ಗಟ್ಟಿ ಹೆಸರು ಕಣಪ್ಪಾ. ಎಷ್ಟು ತುಂಬಿದ್ರೂ ತಾಳತ್ತೆ."

ಮಹ್ರೂಸ್ ಕಿಟಕಿಯಾಚೆ ನೋಡಿದ. ಪಕ್ಕದಲ್ಲಿ ಅಮ್ಮ, ಮೂರು ದಿನದಲ್ಲಿ ಮೊದಲ ಸಲ, ಬಾಯಿಗೆ ತಲೆವಸ್ತ್ರದ ಅಂಚು ಹಿಡಿದು ನಗುತ್ತಿದ್ದಳು. ಅಥವಾ ಅಳುತ್ತಿದ್ದಳು, ಬಸ್ಸಿನ ಕುಲುಕಾಟದಲ್ಲಿ ತಿಳಿಯುವಂತಿರಲಿಲ್ಲ. ವಿಚಾರಿಸುವ ಧೈರ್ಯ ಅವನಿಗೆ ಬರಲಿಲ್ಲ.

ಗುರುವಾರ ಹನ್ನೆರಡು ಹುದ್ದೆಗೆ ನೂರಾರು ಅರ್ಜಿ ಬಂದವು. ಅವನದು ಇರಲಿಲ್ಲ. ಹಾಜ್ ಬಸ್ಯೂನಿ ಏನಾಯಿತೆಂದು ಕೇಳಿದ್ದಕ್ಕೆ, "ನಮ್ಮಣ್ಣ ಇನ್ನೂ ಬದುಕಿದಾನೆ ಹಾಜ್," ಎಂದು ಮೀಟರಿನ ಪುಸ್ತಕ ಎತ್ತಿಕೊಂಡು ಹೊರಟ. ದಿನಗೂಲಿಗೆ ವಯಸ್ಸಿನ ಮಿತಿ ಇಲ್ಲವೆಂಬುದು ಒಂದು ಅನುಕೂಲ. ಎಷ್ಟು ಮುದುಕನಾದರೂ ಜಾರಿ ಬೀಳಬಹುದು.

ಶುಕ್ರವಾರದ ಪ್ರಾರ್ಥನೆ ಮುಗಿಸಿ ಓಣಿಯವರು ಚಹಾದಂಗಡಿಯ ಮುಂದೆ ಕುರ್ಚಿ ಹಾಕಿಕೊಂಡಿದ್ದಾಗ, ಮೂರನೇ ಮಹಡಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಯಿತು. ಜೊತೆಗೇ ದನಿಯೂ ಇಳಿಯಿತು.

"ಏ ಖೇಶಾ! ನಾಲ್ಕು ನಿಂಬೆಹಣ್ಣು ಹಾಕೋ!"

ಯಾರನ್ನು ಕರೆಯುತ್ತಿದ್ದಾರೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಹ್ರೂಸ್ ಸುಮ್ಮನೆ ಗ್ಲಾಸಿನೊಳಗೆ ಮುಖ ಹುದುಗಿಸಿ ಕೂತಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ತಲೆ ಎತ್ತಿ, "ಹಾಕ್ದೆ ಅಮ್ಮಾ," ಎಂದುಬಿಟ್ಟ. ಚಹಾದಂಗಡಿಯ ಮುಂದೆ ಆಗ ಒಂಬತ್ತು ಜನರಿದ್ದರು.