ಘಾಟಬೋರಾಳಕ್ಕೆ ಬಂದ ಹಲಸು

ನನ್ನ ತಲೆ ಬೋಳಾದದ್ದು ಹೇನಿನಿಂದಲ್ಲ, ಹಲಸಿನ ಹಣ್ಣಿನಿಂದ. ಯಾರು ಏನೇ ಹೇಳಲಿ, ನಡೆದದ್ದು ಅಷ್ಟೇ.

ತೊಂಬತ್ತರ ದಶಕದ ಆ ದಿನಗಳಲ್ಲಿ ಘಾಟಬೋರಾಳದ ನಮ್ಮ ಓಣಿಯಲ್ಲಿ ಹಲಸಿನ ಮರ ಕಂಡವರಿರಲಿಲ್ಲ. ಅದು ಮಳೆಕಾಡಿನ ಮರ. ನಮ್ಮ ಕಡೆ ಬೇವು, ಜಾಲಿ, ಹುಣಸೆ. ನಾವು ಕುರಿ ಸಾಕುವವರು. ನನಗೆ ಹತ್ತು ವರ್ಷ. ಅಪ್ಪನ ತಂಗಿ, ನನ್ನ ಅತ್ತಿಯ ಮದುವೆ ನಾಳೆ ಎನ್ನುವಾಗ ನನ್ನ ಅಜ್ಜ, ಮುತ್ಯಾ, ಹುಮನಾಬಾದಿನಿಂದ ಕಂಬಳಿಯಲ್ಲಿ ಸುತ್ತಿ ಒಂದು ಹಲಸು ತಂದ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಯವನಿಗೆ ತನ್ನ ಬುತ್ತಿ ಕೊಟ್ಟಿದ್ದನಂತೆ. ಅವನು ಇದನ್ನು ಕೊಟ್ಟ.

ಮುತ್ಯಾ ಅದನ್ನು ಕಲ್ಲಂಗಡಿಯಂತೆ ಕೊಡಲಿಯಿಂದ ಸೀಳಿದ. ಮನೆಯೆಲ್ಲ ಘಮಘಮ. ನಾನು ಎರಡೂ ಕೈಯಿಂದ ತೊಳೆ ಬಗೆದು ತಿಂದೆ. ಜಡೆ ಮುಂದೆ ಬಿತ್ತು, ಹಿಂದೆ ತಳ್ಳಿದೆ. ಹಾಗೆ ನಾಲ್ಕು ಸಲ. ಅಂಟು ಬುಡದ ತನಕ ಹತ್ತಿತು. ಅವ್ವ ಬಿಸಿನೀರು, ಸೀಗೆಕಾಯಿ ಹಾಕಿ ತಿಕ್ಕಿದಳು, ಇನ್ನೂ ಗಟ್ಟಿಯಾಯಿತು. ಎಣ್ಣೆ ಹಚ್ಚಿದ್ದರೆ ಬಿಡುತ್ತಿತ್ತು. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮುತ್ಯಾ ಕುರಿ ಕತ್ತರಿ ತಂದ. "ತುಪ್ಪಳ ಗಂಟಾದ್ರ ಏನ್ ಮಾಡ್ತೀವಿ? ಕತ್ತರಸ್ತೀವಿ. ಕೂದಲಾ ಮತ್ತ ಬರ್ತಾವ."

"ನಾಳಿಗಿ ಬರ್ತಾವೇನ್ ಮುತ್ಯಾ?"

"ನಾಳಿಗಿ ಕುರಿಗೂ ಬರಂಗಿಲ್ಲ. ಸುಮ್ನ ಕೂಡು."

ನಾಳೆ ಮದುವಣಗಿತ್ತಿಯ ಪಕ್ಕ ಕಳಸ ಹಿಡಿದು ನಿಲ್ಲಬೇಕಾದವಳು ನಾನೇ. ನನ್ನ ಬೋಳು ತಲೆ ನೋಡಿ ಅಜ್ಜಿ ಹಣೆ ಬಡಿದುಕೊಂಡಳು. "ಬೋಳ ತಲಿ ಪೋರಿ ಕಳಸ ಹಿಡಿದ್ರ ಬೀಗರು ಏನಂತಾರ? ಕಾಕಾನ ಮಗಳನ್ನ ನಿಂದರಸ್ರಿ."

ಮೈಗೆ ಅರಿಶಿನ ಹಚ್ಚಿಕೊಂಡು ಕುಳಿತಿದ್ದ ಅತ್ತಿ ಬಾಯೊಳಗಿನ ಬೀಜ ಉಗುಳಿದಳು. "ಇಕಿ ನಿಂತ್ರ ನಾ ನಿಂದರ್ತೀನಿ. ಇಲ್ಲಂದ್ರ ಬೀಗರಿಗಿ ಉಳಿದ ಹಣ್ಣ ಕೊಟ್ಟು ಕಳಸ್ರಿ."

ಅಜ್ಜಿ ಕಳಸ ತಿಕ್ಕಲು ಎದ್ದಳು.

ಈಗ ಕುರಿ ಇಲ್ಲ, ಮುತ್ಯಾ ಇಲ್ಲ, ಅತ್ತಿಯೂ ಹೋದಳು. ನಲವತ್ತಕ್ಕೇ ಅಜ್ಜಿಯಾದ ನಾನು ಮೊಮ್ಮಗಳಿಗೆ ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಬಿಡಿಸಿದ ತೊಳೆ ಕೊಡಿಸುತ್ತೇನೆ. ಕೈಗೆ ಅಂಟಿಲ್ಲ, ಎರಡು ತಿಂದು ಸಾಕು ಅನ್ನುತ್ತಾಳೆ. ಹಣ್ಣು ಎಲ್ಲೆಲ್ಲೂ ಸಿಗುತ್ತದೆ. ನನ್ನ ಪರವಾಗಿ ಹಾಗೆ ಮಾತಾಡುವವರು ಮತ್ತೆ ಸಿಗಲಿಲ್ಲ.

ಆ ಮದುವೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಜಳಕ ಮಾಡಿದೆ. ತಲೆಗೆ ವಸ್ತ್ರ ಹೊದಿಸಲು ಬಂದ ಅವ್ವನ ಕೈ ಸರಿಸಿ, ಹಾಗೇ ಕಳಸ ಹಿಡಿದು ಅತ್ತಿಯ ಪಕ್ಕ ನಿಂತೆ.